ನಾಯಿ, ಬೆಕ್ಕಿಗೆ ಮನೆಮದ್ದು: ನಿಮ್ಮ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ಮಳೆ ನಿಂತ ಮೇಲೆ ನಮ್ಮ ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಸಾಲುಗಟ್ಟಿವೆ. ಹೊಗೆಸೊಪ್ಪಿನ ನೀರಲ್ಲಿ ತೊಳೆಯಿರಿ ಅನ್ನುತ್ತಾರೆ ಕೆಲವರು, ಸೀಮೆಎಣ್ಣೆ ಒರೆಸಿ ಅನ್ನುತ್ತಾರೆ ಇನ್ನು ಕೆಲವರು. ಬೇವಿನ ಎಣ್ಣೆ ಸಾಕಾಗುತ್ತದೆಯೇ? ಇದರಿಂದ ಮಂಗನ ಕಾಯಿಲೆ ಬರುತ್ತದೆಯೇ?
– ಓದುಗರು, ಸಾಗರ

ಉತ್ತರ: ಹೊಗೆಸೊಪ್ಪು, ಸೀಮೆಎಣ್ಣೆ ಎರಡೂ ಬೇಡವೇ ಬೇಡ. ಹೊಗೆಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಜೊಲ್ಲು, ವಾಂತಿ, ನಡುಕ, ಆಮೇಲೆ ಫಿಟ್ಸ್. ಸೀಮೆಎಣ್ಣೆ ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರುತ್ತದೆ. ನಾಯಿ, ಬೆಕ್ಕುಗಳಿಗೆ ಮೈಗೆ ಹಚ್ಚುವ ಮದ್ದು, ಕುಡಿಸುವ ಮದ್ದು ಅಂತ ಬೇರೆ ಬೇರೆ ಇಲ್ಲ. ಹಚ್ಚಿದ್ದೆಲ್ಲ ಅರ್ಧ ಗಂಟೆಯಲ್ಲಿ ನಾಲಿಗೆಗೆ ಬರುತ್ತದೆ. ಏನೇ ಹಚ್ಚುವ ಮುಂಚೆಯೂ ಇದನ್ನು ನಾಯಿ ತಿಂದರೆ ಏನಾಗುತ್ತದೆ ಎಂದು ಕೇಳಿಕೊಳ್ಳಿ.

ಬೇವಿನ ಎಣ್ಣೆ ಹೊಸ ಉಣ್ಣೆ ಹತ್ತುವುದನ್ನು ಸ್ವಲ್ಪ ತಡೆಯುತ್ತದೆ. ಕಚ್ಚಿಕೊಂಡು ಕೂತದ್ದನ್ನು ಕೊಲ್ಲುತ್ತದೆ ಎಂದು ನಂಬಿ ಕೂರಬೇಡಿ. 50 ಮಿ.ಲೀ. ಕೊಬ್ಬರಿ ಎಣ್ಣೆಗೆ ಒಂದು ಟೀ ಚಮಚ (5 ಮಿ.ಲೀ.) ಬೇವಿನ ಎಣ್ಣೆ, ಅದಕ್ಕಿಂತ ಗಟ್ಟಿ ಬೇಡ. ಮೊದಲು ತೊಡೆಯ ಒಳಭಾಗದಲ್ಲಿ ಒಂದು ಬೊಟ್ಟು ಹಚ್ಚಿ ಒಂದು ದಿನ ನೋಡಿ. ಕೆಂಪಾಗದಿದ್ದರೆ ಕತ್ತು, ಬೆನ್ನಿನ ಮೇಲೆ, ಅಂದರೆ ನಾಲಿಗೆ ಎಟುಕದ ಕಡೆ, ವಾರಕ್ಕೆ ಎರಡು ಸಲ ತೆಳ್ಳಗೆ ಸವರಿ. ಬೆಕ್ಕಿಗೆ, ಮೂರು ತಿಂಗಳೊಳಗಿನ ಮರಿಗೆ, ಗಬ್ಬದ ನಾಯಿಗೆ ಹಚ್ಚಬೇಡಿ.

ಕಚ್ಚಿಕೊಂಡ ಉಣ್ಣೆಯನ್ನು ಚಿಮಟದಿಂದಲೇ ತೆಗೆಯಿರಿ. ಕೂದಲು ಸರಿಸಿದರೆ ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಬೂದುಬಣ್ಣದ ಹರಳುಬೀಜದಂತೆ ಕಾಣುತ್ತದೆ. ಆ ಉಬ್ಬಿದ ಹೊಟ್ಟೆಯನ್ನು ಹಿಡಿದರೆ ಒಡೆಯುತ್ತದೆ. ಚಿಮಟದ ತುದಿ ಚರ್ಮಕ್ಕೆ ತಾಗುವಂತೆ, ಅದರ ಬಾಯಿಯ ಹತ್ತಿರ ಹಿಡಿದು, ತಿರುಚದೆ ನೇರವಾಗಿ ನಿಧಾನಕ್ಕೆ ಎಳೆಯಿರಿ. ಬೆಂಕಿಕಡ್ಡಿ ತಾಗಿಸಿದರೆ, ಎಣ್ಣೆ ಸುರಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕಬಹುದು. ಬರಿಗೈಯಲ್ಲಿ ಹಿಸುಕಬೇಡಿ, ಸೋಪಿನ ನೀರಿರುವ ಮುಚ್ಚಳದ ಡಬ್ಬಿಗೆ ಹಾಕಿ.

ಇಷ್ಟು ಮಾಡಿಯೂ ಹೆಚ್ಚಿನವರು ಸೋಲುವುದು ಒಂದೇ ಕಾರಣಕ್ಕೆ. ನಾಯಿಯ ಮೈಮೇಲೆ ಕಾಣುವುದು ಉಣ್ಣೆಯ ಸಂಸಾರದಲ್ಲಿ ಸ್ವಲ್ಪ ಭಾಗ ಮಾತ್ರ. ನಾಯಿಗೆ ಸಾಮಾನ್ಯವಾಗಿ ಹತ್ತುವ ಕಂದು ಉಣ್ಣೆ ರಕ್ತ ಕುಡಿದಾದ ಮೇಲೆ ಪ್ರತಿ ಸಲವೂ ಉದುರಿ, ಗೋಡೆ ಹತ್ತಿ, ಬಿರುಕು ಸೇರುತ್ತದೆ. ಅಲ್ಲಿ ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ. ಹಾಗಾಗಿ ಮಂಚದ ಸಂದು, ಫೋಟೊಗಳ ಹಿಂದೆ, ಬಾಗಿಲ ಚೌಕಟ್ಟು, ನಾಯಿಗೂಡಿನ ಸೂರು ಎಲ್ಲ ನೋಡಿ. ಬಿರುಕಿಗೆ ಸಿಮೆಂಟು ಮೆತ್ತಿ. ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಕುದಿಯುವ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿ. ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಕಾಟ ಜಾಸ್ತಿಯಿದ್ದರೆ ಪಶುವೈದ್ಯರು ತೂಕ ನೋಡಿ ಕೊಡುವ ಅಗಿಯುವ ಮಾತ್ರೆಯೇ ಸರಿ. ಅಂಗಡಿಯಿಂದ ನಾಯಿಗೆಂದು ತರುವ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಮನೆಯ ಬೆಕ್ಕನ್ನು ದೂರವಿಡಿ, ಅದಕ್ಕೆ ಪ್ರಾಣಾಂತಿಕ.

ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಿಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ಉಣುಗು. ಮನೆಗೋಡೆಯಲ್ಲಿ ಮೊಟ್ಟೆಯಿಡುವ ಕಂದು ಉಣ್ಣೆ ಬೇರೆ ಜಾತಿ. ಆದರೆ ತರಗೆಲೆ ಗುಡಿಸಲು ಕಾಡಿಗೆ ಹೋದವರ ಹಿಂದೆ ಹೋದ ನಾಯಿ ಕಾಡಿನ ಉಣುಗನ್ನೂ ಹೊತ್ತು ತರಬಹುದು. ನಾಯಿಯನ್ನು ಒಳಗೆ ಬಿಟ್ಟುಕೊಳ್ಳುವ ಮುಂಚೆ ಅಂಗಳದಲ್ಲೇ ನೋಡಿ, ಕೈಗವಸು ಹಾಕಿಕೊಂಡೇ ತೆಗೆಯಿರಿ. ಕಂದು ಉಣ್ಣೆಯಿಂದ ನಾಯಿಗೇ ಬರುವ ಜ್ವರ ಬೇರೆ: ಊಟ ಬಿಡುವುದು, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಕಂದು ಮೂತ್ರ. ಇವುಗಳಲ್ಲಿ ಒಂದು ಕಂಡರೂ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ಮೂರು ತಿಂಗಳ ಲ್ಯಾಬ್ರಡಾರ್ ಮರಿಗೆ ನಿನ್ನೆಯಿಂದ ಭೇದಿ. ಓಮದ ನೀರು ಕುಡಿಸಿದೆವು, ನಿಂತಿಲ್ಲ. ಮುಂದೇನು?
– ಓದುಗರು, ಮೈಸೂರು

ಉತ್ತರ: ಮರಿಯಾಗಿದ್ದರಿಂದ ಇವತ್ತೇ ಆಸ್ಪತ್ರೆಗೆ ಹೊರಡಿ. ಭೇದಿಯಲ್ಲಿ ರಕ್ತ, ಕೊಳೆತ ವಾಸನೆ, ಜೊತೆಗೆ ವಾಂತಿ ಇದ್ದರೆ ಪಾರ್ವೊ ಎಂಬ ವೈರಸ್ ರೋಗ ಇರಬಹುದು. ಅದಕ್ಕೆ ಡ್ರಿಪ್ ಬೇಕು, ಓಮ, ಮೆಂತ್ಯ, ದಾಳಿಂಬೆ ಸಿಪ್ಪೆ ಯಾವುದೂ ಆಗದು. ಲಸಿಕೆ 6–8 ವಾರಕ್ಕೆ ಶುರುವಾಗಿ, 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಬೀಳಬೇಕು. ಒಂದು ಸೂಜಿ ಹಾಕಿಸಿ ನಿಲ್ಲಿಸಿದ ಮನೆಗಳಲ್ಲೇ ಈ ರೋಗ ಹೆಚ್ಚು ಕಾಣುತ್ತೇವೆ. ಫಿನಾಯಿಲ್ ಈ ವೈರಸ್ಸನ್ನು ಕೊಲ್ಲುವುದಿಲ್ಲ. 1 ಭಾಗ ಬ್ಲೀಚ್ ದ್ರಾವಣಕ್ಕೆ 30 ಭಾಗ ನೀರು ಬೆರೆಸಿ, ನೆಲವನ್ನು ಮೊದಲು ತೊಳೆದು, ಆಮೇಲೆ ಸುರಿದು ಹತ್ತು ನಿಮಿಷ ಬಿಡಿ.

ದೊಡ್ಡ ನಾಯಿ ಲವಲವಿಕೆಯಿಂದಿದ್ದು, ವಾಂತಿ ಇಲ್ಲದೆ, ಬರೀ ತೆಳ್ಳಗೆ ಹೋಗುತ್ತಿದ್ದರೆ ಒಂದು ದಿನ ಮನೆಯಲ್ಲೇ ನೋಡಬಹುದು. ಹಾಲು ನಿಲ್ಲಿಸಿ. ಒಂದು ಲೋಟ ಅಕ್ಕಿಗೆ ಆರು ಲೋಟ ನೀರಿಟ್ಟು ಮುದ್ದೆಯಾಗುವಂತೆ ಬೇಯಿಸಿ. ಅದರ ಎರಡು ಪಾಲಿಗೆ ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿಯ ಒಂದು ಪಾಲು ಕಲಸಿ. ಉಪ್ಪು, ಒಗ್ಗರಣೆ ಬೇಡ. ಈರುಳ್ಳಿ, ಬೆಳ್ಳುಳ್ಳಿಯಂತೂ ಕೂಡದು, ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದಿನಕ್ಕೆ ಐದು ಸಲ, ಸಲಕ್ಕೆ ಒಂದು ಹಿಡಿ. ಸಸ್ಯಾಹಾರಿ ಮನೆಯವರು ಕೋಳಿಯ ಬದಲು ಒಂದೆರಡು ಚಮಚ ಹುಳಿಯಿಲ್ಲದ ಮೊಸರು ಕಲಸಿ.

ಮೈಯಲ್ಲಿ ನೀರು ಕಡಿಮೆಯಾಗಿದೆಯೇ ಎಂದು ತಿಳಿಯಲು ಭುಜದ ಮೇಲಿನ ಚರ್ಮವನ್ನು ಎತ್ತಿ ಬಿಡಿ. ಆರೋಗ್ಯವಾಗಿದ್ದರೆ ತಟ್ಟನೆ ಕೂರುತ್ತದೆ, ಗುಡಾರದಂತೆ ನಿಂತರೆ ಆಸ್ಪತ್ರೆ. ತುಟಿ ಸರಿಸಿ ಒಸಡನ್ನು ಹೆಬ್ಬೆರಳಲ್ಲಿ ಒತ್ತಿ ಬಿಡಿ. ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿಗೆ ತಿರುಗಬೇಕು.

ಪ್ರಶ್ನೆ: ಬೆಕ್ಕಿನ ಮೈ ಬಿಸಿಯಾಗಿದೆ. ಮಕ್ಕಳ ಪ್ಯಾರಸಿಟಮಾಲ್ ಸಿರಪ್ ಎಷ್ಟು ಹನಿ ಕೊಡಬಹುದು?
– ಓದುಗರು, ಹುಬ್ಬಳ್ಳಿ

ಉತ್ತರ: ಒಂದು ಹನಿಯೂ ಬೇಡ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. 500 ಮಿ.ಗ್ರಾಂ.ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಈಗಾಗಲೇ ಕೊಟ್ಟಿದ್ದು ಒಸಡು ಕಂದಾಗಿದ್ದರೆ, ಮುಖ, ಪಂಜ ಊದಿದ್ದರೆ ಕೊಟ್ಟ ಬಾಟಲಿಯ ಸಮೇತ ಓಡಿ. ಇದಕ್ಕೆ ಪ್ರತಿಮದ್ದು ಇದೆ, ಬೇಗ ಸಿಕ್ಕರೆ ಉಳಿಯುತ್ತದೆ. ಬೆಕ್ಕಿನ ಸಹಜ ಬಿಸಿಯೇ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವಾಗಲೂ ಬೆಚ್ಚಗೇ.

ಪ್ರಶ್ನೆ: ನಾಯಿಯ ಕಿವಿಯ ಬುಡದ ಗಾಯದಲ್ಲಿ ಹುಳು ಬಿದ್ದಿದೆ. ನುಸಿಗುಳಿಗೆ ಪುಡಿ ಮಾಡಿ ತುಂಬಬಹುದೇ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಬೇಡ. ನುಸಿಗುಳಿಗೆಯೂ ಫಿನಾಯಿಲೂ ಗಾಯದಿಂದ ರಕ್ತಕ್ಕೆ ಸೇರುವ ವಿಷ. ನಾಯಿಯ ಬಾಯಿಗೆ ಬಟ್ಟೆಯ ಪಟ್ಟಿ ಕಟ್ಟಿ, ಇನ್ನೊಬ್ಬರು ಹಿಡಿದಿರಲಿ. ಗಾಯದ ಸುತ್ತ ಎರಡು ಬೆರಳಗಲ ಕೂದಲು ಕತ್ತರಿಸಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಕರಗಿಸಿ, ಸೂಜಿ ತೆಗೆದ ಸಿರಿಂಜಿನಿಂದ ಗಾಯಕ್ಕೆ ಬಿಡಿ. ಹುಳು ತಲೆ ಒಳಗಿಟ್ಟು, ಬಾಲದ ತುದಿಯಿಂದ ಉಸಿರಾಡುತ್ತದೆ. ತೂತಿನ ಬಾಯಿಗೆ ಕೊಬ್ಬರಿ ಎಣ್ಣೆ ತುಂಬಿದರೆ ಉಸಿರುಗಟ್ಟಿ ಮೇಲೆ ಬರುತ್ತದೆ. ಆಗ ಚಿಮಟದಲ್ಲಿ ಒಂದೊಂದಾಗಿ ಹೆಕ್ಕಿ. ಮೇಲೆ ಕಂಡಷ್ಟನ್ನು ತೆಗೆದು ಬಿಟ್ಟರೆ ಒಳಗಿನವು ಕೊರೆಯುತ್ತಲೇ ಇರುತ್ತವೆ, ಅದಕ್ಕೇ ಮೂರು ದಿನ ಬೆಳಿಗ್ಗೆ, ಸಂಜೆ ನೋಡಬೇಕು. ಅರಿಶಿನ, ಕೊಬ್ಬರಿ ಎಣ್ಣೆಯ ಲೇಪ ಗಾಯ ಸ್ವಚ್ಛವಾದ ಮೇಲೆ, ಮೇಲ್ಮೈ ಗಾಯಕ್ಕೆ ಮಾತ್ರ. ಕಿವಿಯ ತೂತಿನೊಳಗೆ, ಕಣ್ಣಿನ ಹತ್ತಿರ ಹುಳು ಇದ್ದರೆ ಅಥವಾ ಬೆರಳ ತುದಿ ಮುಳುಗುವಷ್ಟು ಆಳವಿದ್ದರೆ ಇದ್ಯಾವುದನ್ನೂ ಮಾಡದೆ ವೈದ್ಯರಲ್ಲಿಗೆ ಒಯ್ಯಿರಿ.

ಪ್ರಶ್ನೆ: ಗಂಡು ಬೆಕ್ಕು ಮೂತ್ರಕ್ಕೆ ಕೂತು ಕೂತು ಏಳುತ್ತಿದೆ, ಹನಿಯೂ ಬರುತ್ತಿಲ್ಲ. ಬಾರ್ಲಿ ನೀರು ಕೊಡಲೇ?
– ಓದುಗರು, ಉಡುಪಿ

ಉತ್ತರ: ದಾರಿ ಕಟ್ಟಿದೆ. ಕುಡಿಸಿದ ನೀರು ಮೂತ್ರಕೋಶವನ್ನು ಇನ್ನಷ್ಟು ಉಬ್ಬಿಸುತ್ತದೆ ಅಷ್ಟೇ. ಎರಡು ಮೂರು ದಿನದಲ್ಲಿ ಜೀವ ಹೋಗುತ್ತದೆ. ರಾತ್ರಿಯಾದರೂ ಕಾಯದೆ ಕರೆದೊಯ್ಯಿರಿ. ಬೆಕ್ಕು ಗುಣವಾಗಿ ಮನೆಗೆ ಬಂದ ಮೇಲೆ ಒಣ ಆಹಾರ ಕಡಿಮೆ ಮಾಡಿ, ಕೊಡುವ ಮೀನು ಅನ್ನಕ್ಕೆ ಮೂರು ನಾಲ್ಕು ಚಮಚ ನೀರು ಕಲಸಿ. ನೀರಿನ ಬಟ್ಟಲು ಅಗಲವಾಗಿರಲಿ, ಊಟದ ತಟ್ಟೆಯಿಂದ ದೂರ ಇಡಿ.