ಮಹಾಮಾರಿ ಸಮಯದಲ್ಲಿ ಹೈಸ್ಕೂಲ್ ಅರ್ಧಕ್ಕೇ ಬಿಡುವಂತಿರುವ ಮಕ್ಕಳು ಓದು ಮುಗಿಸುವ ಹಾಗೆ ಮಾಡುವುದು ಹೇಗೆ?

ಪ್ರತಿ ವಾರ ಹೆಸರು ಹಿಡಿದು ವಿಚಾರಿಸುವ ಒಬ್ಬ ಟೀಚರ್ ಇರಬೇಕು. ಬಾಕಿ ಉಳಿದ ಪಾಠವನ್ನಷ್ಟೇ ಮುಗಿಸಿ ಪಾಸಾಗುವ ದಾರಿಯೂ ಇರಬೇಕು. ಸುಮ್ನೆ ಟ್ಯಾಬ್ಲೆಟ್ ಹಂಚಿದರೆ ಸಾಲದು.

ಯಾಕೆಂದರೆ, ಶಾಲೆ ಬಿಡುವುದು ಒಂದೇ ದಿನದ ತೀರ್ಮಾನ ಅಲ್ಲ. ಎರಡು ಕ್ಲಾಸ್ ತಪ್ಪುತ್ತದೆ, ಮೂರನೆಯದು ತಲೆಗೆ ಹತ್ತುವುದಿಲ್ಲ, ಕೇಳಲು ನಾಚಿಕೆ. ಆಮೇಲೆ ಕ್ಯಾಮೆರಾ ಆಫ್, ಕೊನೆಗೆ ಲಾಗಿನ್ನೇ ಇಲ್ಲ. ತರಗತಿಯಲ್ಲಾದರೆ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ, ಆನ್‌ಲೈನ್‌ನಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. 2020ರ ಏಪ್ರಿಲ್ ಹೊತ್ತಿಗೆ ಯುನೆಸ್ಕೋ ಲೆಕ್ಕದಲ್ಲಿ ಜಗತ್ತಿನ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ಶಾಲೆ, ಕಾಲೇಜು ಮುಚ್ಚಿದ್ದವು. ಅಷ್ಟು ಜನರಲ್ಲಿ ಒಬ್ಬ ಕಳೆದುಹೋಗುವುದು ಸುಲಭ, ಅಲ್ವಾ?

ಫೋನ್ ಮಾಡಿದಾಗ "ಯಾಕೆ ಬರಲಿಲ್ಲ" ಅನ್ನುವ ಬದಲು "ಏನು ತೊಂದರೆ ಆಗ್ತಿದೆ" ಎಂದು ಕೇಳಿ. ನಿಜವಾದ ಕಾರಣ ಆಗಲೇ ಹೊರಬರುವುದು: ಮನೆಗೆಲ್ಲ ಒಂದೇ ಮೊಬೈಲ್, ತಂಗಿಯನ್ನು ನೋಡಿಕೊಳ್ಳಬೇಕು, ಹಗಲೆಲ್ಲ ಕೆಲಸ. ಒಬ್ಬರಿಗೆ ಪ್ರಿಂಟ್ ಮಾಡಿದ ಪಾಠ ಸಾಕು, ಇನ್ನೊಬ್ಬರಿಗೆ ಸಂಜೆ ಕ್ಲಾಸ್ ಬೇಕು.

ಇಡೀ ವರ್ಷ ಮತ್ತೆ ಓದು ಅಂದರೆ ಹದಿನೇಳರ ಹುಡುಗ ಆ ಕಡೆ ತಲೆ ಹಾಕುವುದು ಕಷ್ಟ. ಗಣಿತದಲ್ಲಿ ಮೂರು ಪಾಠ ಬಾಕಿ ಇದೆ, ಮುಗಿಸಿಬಿಡು ಅಂದರೆ ಬಂದು ಕೂರುವ ಸಾಧ್ಯತೆ ಜಾಸ್ತಿ.