ಕಟ್ಟಡದ ನಿಯಮಕ್ಕೂ ಒಂದು ತಾರೀಖು ಬೇಕು

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಅಮೆರಿಕದಲ್ಲಿರುವ ಮಗ ಫೋನಿನಲ್ಲಿ, 'ಇಲ್ಲಿ ಮೂರು ವರ್ಷಕ್ಕೊಮ್ಮೆ ಕಟ್ಟಡದ ನಿಯಮ ಹೊಸದಾಗುತ್ತೆ, ನಮ್ಮ ಕಡೆ ಹೇಗೆ?' ಎಂದು ಕೇಳಿದ. ನನಗೆ ಹೇಳಲು ಬರಲಿಲ್ಲ. ಒಂದು ರಾಜ್ಯ ಎಷ್ಟು ವರ್ಷಕ್ಕೊಮ್ಮೆ ನಿಯಮ ಬದಲಿಸಬೇಕು ಸಾರ್?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನನ್ನನ್ನು ಕೇಳಿದರೆ ಆರು ವರ್ಷಕ್ಕೊಮ್ಮೆ. ಅದೂ ಮೊದಲೇ ಗೊತ್ತುಮಾಡಿದ ತಾರೀಖಿಗೆ. ಕಟ್ಟಡ ಬಿದ್ದ ಮೇಲೆ ಸಮಿತಿ ಕೂರಿಸಿ ಅಲ್ಲ.

ನಿಮ್ಮ ಮಗ ಹೇಳಿದ್ದು ಅರ್ಧ ಸರಿ. ಅಲ್ಲಿ ಮಾದರಿ ನಿಯಮ 3 ವರ್ಷಕ್ಕೊಮ್ಮೆ ಅಚ್ಚಾಗುತ್ತದೆ. ಯಾವಾಗ ಒಪ್ಪಿಕೊಳ್ಳಬೇಕು ಎನ್ನುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. 1992ರ ಆಂಡ್ರೂ ಚಂಡಮಾರುತದಲ್ಲಿ ಪೆಟ್ಟು ತಿಂದ ಫ್ಲಾರಿಡಾ, 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ನಿಯಮ ತಂದು 3 ವರ್ಷಕ್ಕೊಮ್ಮೆ ಹೊಸದು ಮಾಡುತ್ತಿದೆ. ಉತ್ತರ ಕ್ಯಾರೊಲಿನಾ ಮಾತ್ರ ವಾಸದ ಮನೆಗಳಿಗೆ 6 ವರ್ಷ ಸಾಕು ಎಂದು 2013ರಲ್ಲಿ ಕಾನೂನು ಮಾಡಿತು.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ. ಆಮೇಲೆ 1983, 2005, 2016. ಒಂದು ಅಂತರವಂತೂ 22 ವರ್ಷ! ಅದೂ ಬರೀ ಶಿಫಾರಸು. ರಾಜ್ಯವೋ ನಗರಪಾಲಿಕೆಯೋ ತನ್ನ ಬೈಲಾಗೆ (ಸ್ಥಳೀಯ ಕಟ್ಟಡ ನಿಯಮಕ್ಕೆ) ಸೇರಿಸಿಕೊಂಡರೆ ಮಾತ್ರ ನಿಮ್ಮ ಸೈಟಿನವರೆಗೆ ಬರುತ್ತದೆ. ಬೆಂಗಳೂರು 2003ರ ಬೈಲಾವನ್ನೇ ತೇಪೆ ಹಾಕಿಕೊಂಡು ವರ್ಷಗಟ್ಟಲೆ ನಡೆಸಿತು. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ), ಎಫ್‌ಎಆರ್ (ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) ಸಡಿಲಿಸುವ ತಿದ್ದುಪಡಿಗೆ ಯಾರೂ ಆರು ವರ್ಷ ಕಾಯುವುದಿಲ್ಲ ಬಿಡಿ. ಪಿಲ್ಲರ್ ಗಟ್ಟಿಯಾಗಬೇಕು, ಬೆಂಕಿ ಬಿದ್ದರೆ ಇಳಿಯಲು ಮೆಟ್ಟಿಲು ಬೇಕು ಅನ್ನುವ ತಿದ್ದುಪಡಿಗೇ ಕಾಯುವುದು.

ತಡವಾದರೆ ಏನಾಗುತ್ತದೆ? ಭೂಕಂಪದ ಮಾನಕ ಐಎಸ್ 1893 ನೋಡಿ. 1984ರ ನಂತರ ಹೊಸ ಆವೃತ್ತಿ ಬಂದದ್ದು 2002ರಲ್ಲಿ. ಕೆಳಗೆ ಬರೀ ಪಿಲ್ಲರ್ ನಿಲ್ಲಿಸಿ ಕಾರ್ ಪಾರ್ಕಿಂಗ್, ಮೇಲೆ ಮನೆಗಳು – ಇಂಥ ಅಪಾರ್ಟ್‌ಮೆಂಟುಗಳು ಊರೂರಲ್ಲಿ ಎದ್ದದ್ದು ಆ 18 ವರ್ಷಗಳಲ್ಲೇ. 2001ರ ಜನವರಿ 26ರಂದು ಭುಜ್ ನಡುಗಿತು. ಅಲ್ಲಿಂದ 200 ಕಿಲೋಮೀಟರಿಗೂ ಜಾಸ್ತಿ ದೂರದ ಅಹಮದಾಬಾದಿನಲ್ಲಿ ಇಂಥವೇ ಎಷ್ಟೋ ಕಟ್ಟಡ ಕುಸಿದವು. ಮೇಲೆ ಗೋಡೆಗಳ ಬಿಗಿ, ಕೆಳಗೆ ಖಾಲಿ. ಅಲುಗಾಟವೆಲ್ಲ ಕೆಳಗಿನ ಪಿಲ್ಲರ್‌ಗಳ ಮೇಲೇ ಬೀಳುತ್ತದೆ. ಇಂಥ ಖಾಲಿ ನೆಲಮಹಡಿಯ ಪಿಲ್ಲರ್‌ಗಳನ್ನು ಎರಡೂವರೆ ಪಟ್ಟು ಬಲಕ್ಕೆ ಲೆಕ್ಕ ಹಾಕಿ ಎಂದು 2002ರ ಆವೃತ್ತಿ ಹೇಳಿತು. ಅಷ್ಟರಲ್ಲಿ ಕಟ್ಟಿ ಮುಗಿಸಿದವರ ಗತಿ?

ಹಾಗಂತ ಮೂರು ವರ್ಷಕ್ಕೊಮ್ಮೆ ಬೇಕು ಅಂತಲೂ ನಾನು ಹೇಳಲಾರೆ. ನಮ್ಮಲ್ಲಿ ನಿಯಮ ಪುಸ್ತಕದಿಂದ ಮೇಸ್ತ್ರಿಯ ಕೈಗೆ ಇಳಿಯುವುದು ಬಹಳ ನಿಧಾನ. ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಕೆಲಸಕ್ಕೆ ಕನಿಷ್ಠ ಎಂ20 ದರ್ಜೆಯ ಕಾಂಕ್ರೀಟ್ ಬೇಕು ಎಂದು ಕಾಂಕ್ರೀಟ್ ಮಾನಕ ಐಎಸ್ 456 ಹೇಳಿದ್ದು 2000ದಲ್ಲಿ; ಅಂಕಿ ದೊಡ್ಡದಾದಷ್ಟು ಗಟ್ಟಿ. ಇವತ್ತಿಗೂ ಮೋಲ್ಡ್ ಹಾಕುವ ದಿನ ಹೋಗಿ ನಿಂತರೆ 'ಒಂದು-ಎರಡು-ನಾಲ್ಕು ಸಾರ್, ಗಟ್ಟಿ ಮಾಲು' ಎನ್ನುವ ಮೇಸ್ತ್ರಿ ಸಿಗುತ್ತಾನೆ. ಒಂದು ಪಾಲು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ – ಅದು ಹಳೆಯ ಎಂ15ರ ಲೆಕ್ಕ. ಪಿಲ್ಲರಿನ ಉದ್ದ ಕಂಬಿಗಳನ್ನು ಸುತ್ತುವ ರಿಂಗಿನ ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗಿರಬೇಕು, ಇಲ್ಲದಿದ್ದರೆ ಅಲುಗಾಡಿದಾಗ ಬಿಚ್ಚಿಕೊಳ್ಳುತ್ತದೆ. ಕಂಬಿ ಕಟ್ಟುವವನು 90ಕ್ಕೇ ಮಡಚಿ ಸುಮ್ಮನಾಗುತ್ತಾನೆ. ಬೇಗ ಆಗುತ್ತೆ, ಅಲ್ವಾ? ಇಂಥ ಕಡೆ ಪುಸ್ತಕವನ್ನಷ್ಟೇ ಪದೇ ಪದೇ ಬದಲಿಸಿದರೆ ಅಚ್ಚು ಹಾಕುವವರಿಗೆ ಲಾಭ.

ಅದಕ್ಕೇ ಆರು ವರ್ಷ. ಹೊಸ ನಿಯಮ ಪ್ರಕಟವಾಗಿ ಒಂದು ವರ್ಷದ ನಂತರ ಜಾರಿಯಾಗಲಿ. ಆ ಒಂದು ವರ್ಷ ಪ್ಲಾನ್ ಪಾಸು ಮಾಡುವವರಿಗೆ, ಮೇಸ್ತ್ರಿಗಳಿಗೆ ಕನ್ನಡದಲ್ಲಿ, ಚಿತ್ರ ಹಾಕಿ ತರಬೇತಿ ಕೊಡಲಿ. ಬೆಂಕಿ, ಭೂಕಂಪದ ವಿಷಯದಲ್ಲಿ ಹೊಸದೇನಾದರೂ ಗೊತ್ತಾದರೆ ನಡುವೆಯೇ ತಿದ್ದಲಿ.

ನಿಮ್ಮ ಮನೆಯ ಮಟ್ಟಿಗೆ ಒಂದು ಮಾತು. ಭೂಕಂಪದ 2016ರ ಮಾನಕದ ಪ್ರಕಾರ ಧಾರವಾಡ 3ನೇ ವಲಯ, ಬೆಂಗಳೂರು 2ನೆಯದು; ಅಂಕಿ ದೊಡ್ಡದಾದಷ್ಟು ಅಪಾಯ ಜಾಸ್ತಿ. ಬೆಂಗಳೂರಿನ ಪ್ಲಾನನ್ನು ಹಾಗೇ ಇಳಿಸಿಕೊಳ್ಳಬೇಡಿ. ಯಾವ ವರ್ಷದ ಮಾನಕ, ಯಾವ ವಲಯಕ್ಕೆ ಲೆಕ್ಕ ಹಾಕಿದ್ದೀರಿ ಎಂದು ನಿಮ್ಮ ಎಂಜಿನಿಯರಿಂದ ಡ್ರಾಯಿಂಗ್ ಮೇಲೇ ಬರೆಸಿಕೊಳ್ಳಿ.

ಪ್ರಶ್ನೆ: ಹೊಸ ನಿಯಮ ಬಂದರೆ ಹಳೇ ಮನೆಯನ್ನೂ ಬದಲಿಸಬೇಕಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಸಾಮಾನ್ಯವಾಗಿ ಇಲ್ಲ. ಕಾನೂನಿನಲ್ಲೇ ಹಾಗೆಂದು ಬರೆದಿದ್ದರೆ ಮಾತ್ರ. ನಿಮ್ಮೂರಿನ ಮಳೆನೀರು ಕೊಯ್ಲು ಅಂಥದ್ದು. 2009ರ ತಿದ್ದುಪಡಿಯಲ್ಲಿ 40x60 ಸೈಟಿನ ಹಳೇ ಮನೆಗೂ ಕಡ್ಡಾಯ ಮಾಡಿದರು, ಹೊಸದಾಗಿ ಕಟ್ಟುವವರಿಗೆ 30x40 ಇದ್ದರೂ ಸರಿ. ಆದರೆ ಹಳೇ ಮನೆಯ ಮೇಲೆ ಇನ್ನೊಂದು ಮಹಡಿ ಏರಿಸಲು ಹೊರಟರೆ ಈಗಿನ ನಿಯಮವೇ ಲೆಕ್ಕ. ಕೆಳಗಿನ ಪಿಲ್ಲರ್ ತಡೆಯುತ್ತದೆಯೇ ಎಂದು ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಇಟ್ಟಿಗೆ ತರಿಸಿ.