ಸಹರಾ ದಡದ ಮೀನಿನ ಬಂದರು

ಪ್ರಶ್ನೆ: ಮಗನಿಗೆ ಪಶ್ಚಿಮ ಆಫ್ರಿಕಾದ ಮೌರಿಟಾನಿಯಾ ದೇಶದ ನುವಾಧಿಬು ಎಂಬ ಊರಲ್ಲಿ ಕೆಲಸ ಸಿಕ್ಕಿದೆ. ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಮೆಕ್ಯಾನಿಕ್. ಯಾರನ್ನು ಕೇಳಿದರೂ ಬರೀ ಮರಳು, ಬಿಸಿಲು ಅಂತಾರೆ. ಅಲ್ಲಿ ಊಟ, ಜನ ಹೇಗೆ? ಕಳಿಸಲು ಧೈರ್ಯವಾಗುತ್ತಿಲ್ಲ.
- ಓದುಗರು, ಮಲ್ಪೆ

ಉತ್ತರ: ಮೊದಲು ಊಟದ ಚಿಂತೆ ಬಿಡಿ ಅಕ್ಕ. ಅಲ್ಲಿ ಮಧ್ಯಾಹ್ನಕ್ಕೆ ಅನ್ನ, ಮೀನು. ದೊಡ್ಡ ತಟ್ಟೆಯ ಸುತ್ತ ಕೂತು ಎಲ್ಲರೂ ಬಲಗೈಯಲ್ಲಿ ಉಣ್ಣುತ್ತಾರೆ. ನಮ್ಮ ಖಾರ ಸಿಗುವುದಿಲ್ಲ, ಮಸಾಲೆ ಹುಡಿ ಕಟ್ಟಿಕೊಡಿ.

ನಾನು ಹಡಗಿನ ಇಂಜಿನ್ ರೂಮಿನಲ್ಲಿದ್ದಾಗ ಆ ಬಂದರಿಗೆ ಕಬ್ಬಿಣದ ಅದಿರಿಗೆಂದು ಹೋಗುತ್ತಿದ್ದೆವು. ಕುದುರೆಮುಖದ ಅದಿರು ಪಣಂಬೂರಿಗೆ ಪೈಪಿನಲ್ಲಿ ಬರುತ್ತಿತ್ತಲ್ವಾ? ಅಲ್ಲಿ ಝುವೆರಾತ್ ಗಣಿಯಿಂದ ಸುಮಾರು 700 ಕಿ.ಮೀ. ಮರುಭೂಮಿ ದಾಟಿ ರೈಲಿನಲ್ಲಿ ಬರುತ್ತದೆ. ಆ ರೈಲು 2 ಕಿ.ಮೀ.ಗಿಂತ ಉದ್ದ. ಅದಿರಿನ ರಾಶಿಯ ಮೇಲೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಜನ ಕೂತಿರುತ್ತಿದ್ದರು.

ಮಳೆ ವರ್ಷಕ್ಕೆ 50 ಮಿ.ಮೀ. ಕೂಡ ಇಲ್ಲ. ಆದರೆ ಕಡಲು ತಣ್ಣಗಿನದು, ಹಾಗಾಗಿ ಊರು ಸುಡುವುದಿಲ್ಲ. ಗಾಳಿ ಮಾತ್ರ ಜಾಸ್ತಿ. ಸ್ವೆಟರ್ ಇರಲಿ. ಆ ತಣ್ಣೀರು ಅಡಿಯಿಂದ ಮೇಲೆ ಬರುವಾಗ ಮೀನಿಗೆ ಬೇಕಾದ ಆಹಾರವನ್ನೂ ತರುತ್ತದೆ. ಅಷ್ಟು ಮೀನು ಇರುವುದು ಅದಕ್ಕೇ. ಬಣ್ಣ ಬಳಿದ ಮರದ ದೋಣಿಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಆಕ್ಟೋಪಸ್ ಹಿಡಿಯಲು ಹಗ್ಗಕ್ಕೆ ಸಾಲಾಗಿ ಮಡಕೆ ಕಟ್ಟಿ ಮುಳುಗಿಸುತ್ತಾರೆ. ಅದು ಗೂಡೆಂದು ಒಳಗೆ ಸೇರಿಕೊಳ್ಳುತ್ತದೆ. ಜಪಾನಿಗೆ ತುಂಬ ಹೋಗುವ ಮಾಲು ಅದು. ನನಗೆ ಬೇಸರ ತರುವುದು ಫಿಶ್ ಮೀಲ್, ಅಂದರೆ ಸಾಕುಮೀನು, ಕೋಳಿಗಳ ಮೇವಿಗೆ ಮೀನಿನ ಹುಡಿ ಮಾಡುವ ಕಾರ್ಖಾನೆಗಳು. ಬಡವರ ತಟ್ಟೆಗೆ ಹೋಗಬೇಕಾದ ಬೂತಾಯಿಯಂಥ ಮೀನು ಹುಡಿಯಾಗಿ ಹೊರದೇಶಕ್ಕೆ ಹೋಗುತ್ತದೆ. ಉಳ್ಳಾಲ, ಮಲ್ಪೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜನ ಮರ್ಯಾದಸ್ಥರು. ಹೆಂಗಸರು ಸೀರೆಯ ಹಾಗೆ ಒಂದೇ ಉದ್ದದ ಬಟ್ಟೆ ಸುತ್ತಿಕೊಳ್ಳುತ್ತಾರೆ, ಮೆಲ್ಹಫಾ ಅಂತ. ಗಂಡಸರದ್ದು ದೊಗಳೆ ನಿಲುವಂಗಿ. ಮುಸ್ಲಿಂ ದೇಶ, ಮದ್ಯಕ್ಕೆ ನಿಷೇಧ. ಮಗನಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ: ಚಹಾಕ್ಕೆ ಕರೆದರೆ ಕೂತುಕೊಳ್ಳಬೇಕು. ಪುದೀನ, ಸಕ್ಕರೆ ಹಾಕಿದ ಹಸಿರು ಚಹಾ. ನೊರೆ ಬರುವ ತನಕ ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುತ್ತಾರೆ. ಮೂರು ಸಲ ಕೊಡುತ್ತಾರೆ. ಒಂದು ಕುಡಿದು ಎದ್ದು ಬರುವುದು ಚೆಂದವಲ್ಲ. ಕೆಲಸದ ಜಾಗದಲ್ಲಿ ಗೆಳೆತನ ಆಗುವುದು ಅಲ್ಲೇ. ಹಸ್ಸಾನಿಯಾ ಅರಬ್ಬಿಯ ನಾಲ್ಕು ಮಾತು ಕಿವಿಗೆ ಬೀಳುವುದೂ ಅಲ್ಲೇ.

ಕರಾರು ಪತ್ರ ಫ್ರೆಂಚಿನಲ್ಲಿದ್ದರೆ ಗೊತ್ತಿದ್ದವರಿಂದ ಓದಿಸಿಯೇ ಸಹಿ ಹಾಕಲಿ. ಸಂಬಳ ಅಲ್ಲಿಯ ಊಗಿಯಾದಲ್ಲೋ ಡಾಲರಿನಲ್ಲೋ ಎಂದು ನೋಡಿ. ಇನ್ನೊಂದು, ನಮ್ಮಲ್ಲಿ ಜೂನ್, ಜುಲೈಯಲ್ಲಿ ಬೋಟು ನಿಲ್ಲುವ ಹಾಗೆ ಅಲ್ಲಿಯೂ ಆಕ್ಟೋಪಸ್ ಹಿಡಿಯಲು ನಿಷೇಧದ ಅವಧಿ ಇದೆ. ಆಗಲೂ ಪೂರ್ತಿ ಸಂಬಳ ಕೊಡುತ್ತಾರಾ ಎಂದು ಈಗಲೇ ಕೇಳಿಸಿ.